ವೀಸಾಕ್ಕೆ ಕಾಯುವ ಮಕ್ಕಳು

ಉದ್ದದ ಪೋಸ್ಟ್ ಇದು. ಬಸ್ಸಲ್ಲಿ ನಿಂತ್ಕೊಂಡು ಓದೋಕೆ ಆಗಲ್ಲ, ರಾತ್ರಿ ಊಟ ಆದ್ಮೇಲೆ ಓದಿ.

ಜರಗನಹಳ್ಳಿ ಅಂದ್ರೆ ಕನ್ನಡ ಓದುವವರಿಗೆ ಹನಿಗವಿ ಜರಗನಹಳ್ಳಿ ಶಿವಶಂಕರ್ ನೆನಪಾಗ್ತಾರೆ. ಮಿಕ್ಕವರಿಗೆ ಇದು ಸಾರಕ್ಕಿ ಸಿಗ್ನಲ್ಲಿಗೂ ಯಲಚೇನಹಳ್ಳಿಗೂ ನಡುವೆ ಬರೋ ಒಂದು ಹೆಸರು ಅಷ್ಟೇ. 2017ರಲ್ಲಿ ಕನಕಪುರ ರಸ್ತೆಗೆ ಮೆಟ್ರೋ ಬಂತು. ಬಾಡಿಗೆ ಏರಿತು, ಟು-ಲೆಟ್ ಬೋರ್ಡುಗಳೂ ಜಾಸ್ತಿ ಆದವು. ಬೋರ್ಡಿನ ಕೆಳಗೆ ಸಣ್ಣಕ್ಷರದಲ್ಲಿ 'ವೆಜ್ ಓನ್ಲಿ' ಅಂತ ಇರುತ್ತಲ್ಲ, ಅದರ ಅರ್ಥ ಊಟಕ್ಕೆ ಮಾತ್ರ ಸಂಬಂಧಿಸಿದ್ದಲ್ಲ ಅಂತ ಈ ಪೋಸ್ಟ್ ಓದ್ತಿರೋ ಯಾರಿಗೂ ಬಿಡಿಸಿ ಹೇಳ್ಬೇಕಿಲ್ಲ.

ಹೋದ ತಿಂಗಳು ನಮ್ಮ ಏರಿಯಾದ ವಾಟ್ಸಾಪ್ ಗ್ರೂಪಲ್ಲಿ ಒಂದು ನೈಜೀರಿಯನ್ ಕುಟುಂಬದ ವಿಷಯ ಬಂತು. ಗಂಡ, ಹೆಂಡತಿ, ಏಳು ವರ್ಷದ ಮಗಳು, ಇನ್ನೂ ಸರಿಯಾಗಿ ಮಾತು ಬಾರದ ಒಂದು ಗಂಡು ಕೂಸು. ಗಂಡ ಇಲ್ಲಿಂದ ರೆಡಿಮೇಡ್ ಬಟ್ಟೆ ಖರೀದಿ ಮಾಡಿ ಊರಿಗೆ ಕಳಿಸೋ ವ್ಯಾಪಾರಿ. ಎರಡು ರೂಮಿನ ಮನೆ ಬೇಕಿತ್ತು ಅವರಿಗೆ. 'ಡ್ರಗ್ಸ್ ಪಾರ್ಟಿಗಳು', 'ವಾಸನೆ', 'ಮಕ್ಕಳಿರೋ ಬಿಲ್ಡಿಂಗು ಬೇಡ' ಅಂತ ಮೆಸೇಜುಗಳು ಬಂದವು. ಅವರಿಗೂ ಮಕ್ಕಳಿದ್ದಾರೆ ಅನ್ನೋದು ಯಾರಿಗೂ ಹೊಳೀಲಿಲ್ಲ. ನನಗೆ ಸಂಕಟ ಆಗಿದ್ದು ಬೇರೆ ಕಾರಣಕ್ಕೆ. ಹಾಗೆ ಬರೆದವರಲ್ಲಿ ಇಬ್ಬರು ನಮ್ಮವರೇ. ಪ್ರತಿ ಏಪ್ರಿಲ್ 14ಕ್ಕೆ ಬಾಬಾಸಾಹೇಬರ ಫೋಟೋ ಡಿಪಿ ಇಡುವವರು.

ಅವರ ಮೇಲೆ ಜಗಳಕ್ಕೆ ಬಿದ್ದು ಈ ಪೋಸ್ಟ್ ಹಾಕ್ತಿಲ್ಲ. ಅವರು ಡಿಪಿಗೆ ಇಟ್ಟಿರೋ ಮನುಷ್ಯನ ಕತೆಯಿಂದಲೇ ಶುರು ಮಾಡ್ತೀನಿ.

1901ನೇ ಇಸವಿ. ಒಂಬತ್ತು-ಹತ್ತು ವರ್ಷದ ಭೀಮರಾವ್, ಅವನ ಅಣ್ಣ, ಅಕ್ಕನ ಮಕ್ಕಳು, ಎಲ್ಲ ಸೇರಿ ಸತಾರಾದಿಂದ ಗೋರೆಗಾಂವ್‌ನಲ್ಲಿದ್ದ ಅಪ್ಪನನ್ನ ನೋಡೋಕೆ ಹೊರಟರು. ಹೊಸ ಅಂಗಿ, ಕಸೂತಿ ಟೋಪಿ, ರೈಲು ಹತ್ತುವ ಸಂಭ್ರಮ. ಮಸೂರ್ ಸ್ಟೇಷನ್ನಲ್ಲಿ ಇಳಿದರೆ ಕರ್ಕೊಂಡು ಹೋಗೋಕೆ ಯಾರೂ ಬಂದಿಲ್ಲ, ಬರೆದ ಕಾಗದ ಅಪ್ಪನಿಗೆ ತಲುಪಿರಲಿಲ್ಲ. ಸ್ಟೇಷನ್ ಮಾಸ್ಟರ್ ಬಟ್ಟೆಬರೆ ನೋಡಿ ಬ್ರಾಹ್ಮಣರ ಮಕ್ಕಳು ಅಂದ್ಕೊಂಡು ಪ್ರೀತಿಯಿಂದ ವಿಚಾರಿಸಿದ. ಹುಡುಗ ಹಿಂದುಮುಂದು ನೋಡದೆ 'ಮಹಾರರು' ಅಂದುಬಿಟ್ಟ. ಆ ಮನುಷ್ಯನ ಮುಖ ಬದಲಾಗಿ ಹೋಯ್ತು. ಎತ್ತಿನಗಾಡಿಯವರು ಒಬ್ಬರೂ ಬರಲಿಲ್ಲ. ಕೊನೆಗೆ ಒಬ್ಬ ಡಬಲ್ ಬಾಡಿಗೆಗೆ ಒಪ್ಪಿದ. ಆದ್ರೆ ಗಾಡಿ ಹೊಡೀಬೇಕಾದ್ದು ಮಕ್ಕಳು, ಅವನು ಪಕ್ಕದಲ್ಲಿ ನಡ್ಕೊಂಡು ಬರೋದು. ರಾತ್ರಿ ಸುಂಕದ ಕಟ್ಟೆಯಲ್ಲಿ ನೀರು ಕೇಳೋಕೆ ಹೋಗುವಾಗ 'ಮುಸಲ್ಮಾನರು ಅಂತ ಹೇಳು' ಅಂತ ಗಾಡಿಯವನೇ ಹೇಳಿಕೊಟ್ಟ. ಹುಡುಗ ಉರ್ದುವಿನಲ್ಲೇ ಕೇಳಿದ. ನೀರು ಸಿಗಲಿಲ್ಲ. ಬುತ್ತಿ ಇತ್ತು, ನೀರಿಲ್ಲದೆ ಹಾಗೇ ಮಲಗಿದರು.

'ವೇಟಿಂಗ್ ಫಾರ್ ಎ ವೀಸಾ' ಅನ್ನೋ ಪುಟ್ಟ ಬರಹದಲ್ಲಿ ಬಾಬಾಸಾಹೇಬರು ಇದನ್ನ ಬರೆದಿದ್ದಾರೆ. ಅದು ಅಚ್ಚಾಗಿದ್ದು ಅವರು ತೀರಿಕೊಂಡು ಎಷ್ಟೋ ವರ್ಷ ಆದ ಮೇಲೆ, 1990ರಲ್ಲಿ. ಅದೇ ಪುಸ್ತಕದಲ್ಲಿ ಬರೋಡಾದ ಪ್ರಸಂಗವೂ ಇದೆ. ಅಮೆರಿಕ, ಇಂಗ್ಲೆಂಡಲ್ಲಿ ಓದಿ 1917ರಲ್ಲಿ ವಾಪಸ್ ಬಂದವರಿಗೆ ಬರೋಡಾದಲ್ಲಿ ಇರೋಕೆ ಮನೆ ಇಲ್ಲ. ಪಾರ್ಸಿಗಳ ವಸತಿಗೃಹದಲ್ಲಿ ಪಾರ್ಸಿ ಹೆಸರು ಹಾಕ್ಕೊಂಡು ಇದ್ದರು. ಹನ್ನೊಂದನೇ ದಿನ ದೊಣ್ಣೆ ಹಿಡ್ಕೊಂಡು ಬಂದ ಗುಂಪು ಅವರನ್ನ ಹೊರಗೆ ಹಾಕ್ತು. ಹಿಂದೂ ಗೆಳೆಯ ಒಬ್ಬ, ಕ್ರಿಶ್ಚಿಯನ್ ಗೆಳೆಯ ಒಬ್ಬ, ಇಬ್ಬರೂ ಒಂದೊಂದು ನೆಪ ಹೇಳಿದರು. ಸಾಯಂಕಾಲದವರೆಗೆ ಪಾರ್ಕಲ್ಲಿ ಕೂತಿದ್ದು ರಾತ್ರಿ ರೈಲಿಗೆ ಬಾಂಬೆಗೆ ಹೋದರು. ಅರ್ಥಶಾಸ್ತ್ರದ ದೊಡ್ಡ ಪಂಡಿತ, ಬಾಡಿಗೆ ಮನೆ ಇಲ್ಲ.

ಆ ಪುಸ್ತಕಕ್ಕೆ ಅವರು 'ವೀಸಾ' ಅನ್ನೋ ಪದ ಯಾಕೆ ಹುಡುಕಿದರು? ಹುಟ್ಟಿದ ನೆಲದಲ್ಲೇ ಪರದೇಶಿ ಥರ ಪರವಾನಗಿ ಕಾಯ್ತಾ ನಿಲ್ಲೋದು ಅಂತ ನಾನು ಓದ್ಕೋತೀನಿ. ನಿಜವಾಗಿಯೂ ಪರದೇಶದಿಂದ ಬಂದವರು, ಕೈಯಲ್ಲಿ ನಿಜವಾದ ವೀಸಾ ಹಿಡ್ಕೊಂಡು ನಮ್ಮ ಬೀದಿಗೇ ಬಂದು ನಿಂತಿರುವಾಗ ನಮಗೆ ಅದು ನೆನಪಾಗಬೇಕಲ್ವ?

ಒಂದು ವ್ಯತ್ಯಾಸ ಹೇಳ್ಬೇಕು. ಆ ಹುಡುಗನಿಗೆ ಒಂದು ಗಳಿಗೆಯಾದರೂ 'ಮುಸಲ್ಮಾನ' ಅಂತ ಹೇಳ್ಕೊಂಡು ನೋಡೋಕೆ ಆಯ್ತು. ನಮ್ಮ ಎಷ್ಟೋ ಮನೆಗಳಲ್ಲಿ ಮಕ್ಕಳಿಗೆ ಇಂದಿಗೂ ಇದನ್ನೇ ಕಲಿಸ್ತಾರೆ. 'ಯಾರಾದ್ರೂ ಕೇಳಿದ್ರೆ ಗೌಡರು ಅನ್ನು', 'ಊರು ಯಾವುದು ಅಂತ ಕೇಳಿದ್ರೆ ಕೇರಿ ಹೆಸರು ಹೇಳ್ಬೇಡ'. ಇದು ಹೇಡಿತನ ಅಂತ ನಾನು ಅನ್ನಲ್ಲ, ಮಗು ನೀರು ಕುಡೀಲಿ ಅಂತ ಅಮ್ಮ ಹೇಳಿಕೊಡೋ ಸುಳ್ಳು ಅದು. ಕಪ್ಪು ಚರ್ಮದ ಆಫ್ರಿಕನ್ ತಾಯಿಗೆ ಆ ಸುಳ್ಳೂ ಇಲ್ಲ. ಮಗು ಗೇಟು ದಾಟಿ ಹೊರಗೆ ಬಂದ ಕೂಡಲೇ ಎಲ್ಲರಿಗೂ ಗೊತ್ತು. ಬೀದಿಯಲ್ಲಿ ಹುಡುಗರು 'ಕರಿಯ' ಅಂತ ಕೂಗ್ತಾರೆ. ನಮ್ಮ ಕೇರಿಗಳಲ್ಲಿ ಕರಿಯ, ಕೆಂಚ, ತಿಪ್ಪ ಎಲ್ಲ ಅಜ್ಜಂದಿರ ಹೆಸರು. 2003ರಲ್ಲಿ 'ಕರಿಯ' ಅಂತ ಸಿನಿಮಾ ಬಂದು ಓಡಿದಾಗ ಅದೇ ಹೆಸರಿಗೆ ಶಿಳ್ಳೆ ಬಿತ್ತು. ಹೀರೋಗೆ ಹೇಳಿದ್ರೆ ಬಿರುದು, ಏಳು ವರ್ಷದ ಹುಡುಗಿಗೆ ಕೂಗಿದ್ರೆ ಬೈಗುಳ.

'ನಿನ್ನೆ ಮೊನ್ನೆ ಬಂದವರು, ಹೊಂದ್ಕೊಳ್ಳೋಕೆ ಟೈಮ್ ಬೇಕು' ಅಂತ ಗ್ರೂಪಲ್ಲಿ ಒಬ್ಬರು ತಿಳಿದವರಂತೆ ಬರೆದಿದ್ದರು. ಸರಿ. ಎಷ್ಟು ಟೈಮ್ ಬೇಕು? ಇದಕ್ಕೆ ಉತ್ತರ ಯಲ್ಲಾಪುರದಲ್ಲಿದೆ.

ಆಫ್ರಿಕಾದವರು ಕರ್ನಾಟಕಕ್ಕೆ ಬಂದಿದ್ದು ಇಂಜಿನಿಯರಿಂಗ್ ಕಾಲೇಜುಗಳ ಕಾಲದಲ್ಲಿ ಅಲ್ಲ. ಬಿಜಾಪುರದ ಆದಿಲ್‌ಶಾಹಿ ಆಸ್ಥಾನದಲ್ಲಿ ಹಬ್ಶಿಗಳು ಸೇನಾಪತಿಗಳಾಗಿದ್ದರು, ಮಂತ್ರಿಗಳಾಗಿದ್ದರು. ಮುಹಮ್ಮದ್ ಆದಿಲ್‌ಶಾನ ಕಾಲದ ಇಖ್ಲಾಸ್ ಖಾನ್ ಹಬ್ಶಿ. ಅವನ ಚಿತ್ರಪಟಗಳು ಇವತ್ತಿಗೂ ಉಳಿದಿವೆ, ಕಪ್ಪು ಮುಖ, ಜರಿ ಅಂಗಿ, ಸೊಂಟದಲ್ಲಿ ಕತ್ತಿ. ಪಕ್ಕದ ಅಹಮದ್‌ನಗರದಲ್ಲಿ ಮಲಿಕ್ ಅಂಬರ್. ಇಥಿಯೋಪಿಯಾದಲ್ಲಿ ಹುಟ್ಟಿ, ಮಗುವಾಗಿದ್ದಾಗಲೇ ಮಾರಾಟವಾಗಿ, ಕೈಯಿಂದ ಕೈಗೆ ದಾಟಿ ದಖ್ಖನ್ನಿಗೆ ಬಂದವನು. 1626ರಲ್ಲಿ ಸಾಯುವವರೆಗೆ ಮೊಗಲರಿಗೆ ನಿದ್ದೆ ಕೊಡಲಿಲ್ಲ. ಶಾಲೆಯ ಪಠ್ಯದಲ್ಲಿ ಇವರಿಗೆ ಅರ್ಧ ಸಾಲು ಸಿಕ್ಕಿದರೆ ಹೆಚ್ಚು.

ಇವರದ್ದು ಅರಮನೆ ಸೇರಿದವರ ಕತೆ. ಉತ್ತರ ಕನ್ನಡದ ಸಿದ್ದಿಗಳದ್ದು ಬೇರೆ. ಪೋರ್ಚುಗೀಸರು ಆಫ್ರಿಕಾದ ಪೂರ್ವ ಕರಾವಳಿಯಿಂದ, ಮೊಜಾಂಬಿಕ್ ಕಡೆಯಿಂದ, ಗುಲಾಮರನ್ನ ಗೋವಾಕ್ಕೆ ತಂದರು. ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟ ಹತ್ತಿ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆಯ ಕಾಡಲ್ಲಿ ನೆಲೆ ನಿಂತರು. ಗುಲಾಮಗಿರಿ ಬಿಟ್ಟು ಓಡಿ ಬಂದವರಿಗೆ ಇಲ್ಲಿ ಸಿಕ್ಕಿದ್ದು ತೋಟದ ಒಡೆಯರ ಜೀತ. ಹೊಸ ದೇಶದಲ್ಲಿ ಮಕ್ಕಳನ್ನ ಸಾಕೋದು ಅಂದ್ರೆ ಏನು ಅಂತ ಈ ರಾಜ್ಯದಲ್ಲಿ ಯಾರಿಗಾದರೂ ಗೊತ್ತಿದ್ದರೆ ಅದು ಅವರಿಗೆ. ಯಾವ ಊರಿಂದ ಬಂದೆವು ಅನ್ನೋ ಹೆಸರು ಹೋಯ್ತು, ಭಾಷೆ ಹೋಯ್ತು. ಕೊಂಕಣಿ, ಕನ್ನಡ, ಮರಾಠಿ ಬಂತು. ಹಿಂದೂ, ಕ್ರಿಶ್ಚಿಯನ್, ಮುಸ್ಲಿಂ ಮೂರೂ ಧರ್ಮದಲ್ಲಿ ಹಂಚಿ ಹೋದರು. ಉಳಿದದ್ದು ಡಮಾಮಿ ವಾದ್ಯ, ಹಿರಿಯರ ಪೂಜೆ, ಮತ್ತೆ ಕೌದಿ.

ಕೌದಿ ಬಗ್ಗೆ ಒಂದು ಮಾತು ಹೇಳಲೇಬೇಕು. ಹಳೇ ಸೀರೆ, ಹರಿದ ಅಂಗಿ, ಲುಂಗಿ ಚೂರುಗಳನ್ನ ಜೋಡಿಸಿ ಸಿದ್ದಿ ಹೆಂಗಸರು ಮಕ್ಕಳಿಗೆ, ಮೊಮ್ಮಕ್ಕಳಿಗೆ ಹೊಲೀತಾರೆ. ಹೊಲಿಗೆ ಅಂಚಿಂದ ಶುರುವಾಗಿ ಸುತ್ತುತ್ತಾ ನಡುವಿಗೆ ಬರುತ್ತೆ. ಮೂಲೆಗಳಿಗೆ ಬಟ್ಟೆ ಮಡಚಿ 'ಫೂಲ' ಕೂರಿಸ್ತಾರೆ. ಫೂಲ ಇಲ್ಲದ ಕೌದಿ ಬೆತ್ತಲೆ ಅಂತ ಅವರ ಮಾತು. ಈಗ ಆ ಕೌದಿಗಳು ಅಮೆರಿಕದ ಮ್ಯೂಸಿಯಮ್ಮುಗಳವರೆಗೂ ಹೋಗಿವೆ. ನಮ್ಮಜ್ಜಿಯರೂ ಕೌದಿ ಹೊಲಿದವರೇ. ನಮ್ಮದನ್ನ ಯಾವ ಮ್ಯೂಸಿಯಂನವರೂ ಕೇಳಲಿಲ್ಲ, ಅದು ಬೇರೆ ಮಾತು.

ಈ ಸಿದ್ದಿ ಮಕ್ಕಳನ್ನ ಸರ್ಕಾರ ಮೊದಲ ಸಲ ಕಣ್ಣು ಬಿಟ್ಟು ನೋಡಿದ್ದು ಯಾವಾಗ ಗೊತ್ತಾ? ಒಲಿಂಪಿಕ್ಸ್ ಮೆಡಲ್ ಬೇಕಾದಾಗ. 1987ರಲ್ಲಿ, ಮಾರ್ಗರೆಟ್ ಆಳ್ವ ಕೇಂದ್ರದಲ್ಲಿ ಕ್ರೀಡಾ ಸಚಿವೆಯಾಗಿದ್ದಾಗ, ಭಾರತೀಯ ಕ್ರೀಡಾ ಪ್ರಾಧಿಕಾರ 'ಸ್ಪೆಷಲ್ ಏರಿಯಾ ಗೇಮ್ಸ್' ಅಂತ ಯೋಜನೆ ತಂತು. ಆಫ್ರಿಕನ್ ರಕ್ತ, ಓಡ್ತಾರೆ ಅನ್ನೋ ಲೆಕ್ಕ. ಹಾಡಿಗಳಿಂದ ಹುಡುಗ ಹುಡುಗಿಯರನ್ನ ಆರಿಸಿ ಹಾಸ್ಟೆಲ್ಲಿಗೆ ತಂದರು. ಹೊಟ್ಟೆ ತುಂಬ ಊಟ, ಶೂ, ಕೋಚ್. ಕೆಲವರು ರಾಷ್ಟ್ರಮಟ್ಟದಲ್ಲಿ ಗೆದ್ದರು. 1993ಕ್ಕೆ ಸಿದ್ದಿಗಳ ಆ ಯೋಜನೆ ನಿಂತು ಹೋಯ್ತು, ಬಂದವರು ವಾಪಸ್ ಕಾಡಿಗೆ, ಕೂಲಿಗೆ. ಆ ಮಕ್ಕಳ ಕಾಲು ಬೇಕಾಗಿತ್ತು, ತಲೆ ಬೇಕಾಗಿರಲಿಲ್ಲ. ಮೀಸಲಾತಿಗೆ, ಅಂದ್ರೆ ಪರಿಶಿಷ್ಟ ಪಂಗಡದ ಪಟ್ಟಿಗೆ, ಉತ್ತರ ಕನ್ನಡದ ಸಿದ್ದಿಗಳು ಸೇರಿದ್ದು 2003ರಲ್ಲಿ. ಬೆಳಗಾವಿ, ಧಾರವಾಡದ ಸಿದ್ದಿಗಳು 2020ರವರೆಗೂ ಕಾಯಬೇಕಾಯ್ತು. ಅದೇ 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನಪರಿಷತ್ತಿಗೆ ನಾಮಕರಣಗೊಂಡರು, ಶಾಸನಸಭೆ ಮೆಟ್ಟಿಲು ಹತ್ತಿದ ಮೊದಲ ಸಿದ್ದಿ. ಅವರ ಪಕ್ಷ ನನ್ನ ಪಕ್ಷ ಅಲ್ಲ. ಆದರೂ ಆ ದಿನ ಖುಷಿಯಾಗಿತ್ತು.

ಇಷ್ಟು ಶತಮಾನ ಆಯ್ತು. ಇವತ್ತಿಗೂ ಸಿದ್ದಿ ಹುಡುಗ ಬೆಂಗಳೂರಿಗೆ ಕೆಲಸಕ್ಕೆ ಬಂದರೆ ಆಟೋದವರು ಇಂಗ್ಲಿಷಲ್ಲಿ ಮಾತಾಡಿಸ್ತಾರೆ. 'ಯಾವ ಕಂಟ್ರಿ?' ಅಂತಾರೆ. ಅವನು ಕನ್ನಡದಲ್ಲಿ ಉತ್ತರ ಕೊಟ್ಟರೆ 'ಅರೆ, ಕನ್ನಡ ಚೆನ್ನಾಗಿ ಕಲ್ತಿದೀರ' ಅಂತ ಸರ್ಟಿಫಿಕೇಟ್ ಕೊಡ್ತಾರೆ. ಕನ್ನಡ ಕಲೀಲಿ ಆಮೇಲೆ ನೋಡೋಣ ಅಂತ ಹೇಳುವವರು ಇದಕ್ಕೆ ಏನು ಹೇಳ್ತಾರೋ.

ಈಗ ನೈಜೀರಿಯಾದವರ ವಿಷಯ.

ಬೆಂಗಳೂರಿಗೆ ಆಫ್ರಿಕನ್ನರು ಬಂದಿದ್ದು ಮೊದಲು ಓದೋಕೆ. ಭಾರತ ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಕೆಲವರು, ಆಮೇಲೆ ಖಾಸಗಿ ಕಾಲೇಜುಗಳು ಕೈಬೀಸಿ ಕರೆದಾಗ ಹೆಚ್ಚಿನವರು. ಇಂಗ್ಲಿಷಲ್ಲಿ ಪಾಠ, ಯುರೋಪಿಗಿಂತ ಕಡಿಮೆ ಖರ್ಚು. ಫಾರ್ಮಸಿ, ನರ್ಸಿಂಗ್, ಕಂಪ್ಯೂಟರ್. ಬಟ್ಟೆ ವ್ಯಾಪಾರಕ್ಕೆ, ಆಸ್ಪತ್ರೆಗೆ ಬರುವವರೂ ಇದ್ದಾರೆ. ಹೆಚ್ಚಾಗಿ ಕಮ್ಮನಹಳ್ಳಿ, ಹೆಣ್ಣೂರು, ಕೊತ್ತನೂರು ಕಡೆ ಇರ್ತಾರೆ. ನಮ್ಮ ದಕ್ಷಿಣದ ಕಡೆ ಕಡಿಮೆ. ಜಯನಗರ, ಜೆ.ಪಿ. ನಗರದ ಮನೆ ಬಾಗಿಲು ಯಾರಿಗೆ ಹೇಗೆ ತೆಗೆಯುತ್ತೆ ಅಂತ ನಮಗೇ ಗೊತ್ತಲ್ಲ.

ಆ ಕುಟುಂಬದ ಹೆಂಗಸಿನ ಜೊತೆ ಒಂದು ಮಧ್ಯಾಹ್ನ ನಮ್ಮನೇಲಿ ಕೂತು ಮಾತಾಡಿದೆ. ಆಕೆ ಇಗ್ಬೊ ಜನಾಂಗದವರು, ನೈಜೀರಿಯಾದ ಪೂರ್ವಭಾಗ. ನನ್ನ ಅಮ್ಮನಿಗೆ ಇಂಗ್ಲಿಷ್ ಬರಲ್ಲ, ಆಕೆಗೆ ಕನ್ನಡ ಬರಲ್ಲ, ಇಬ್ಬರ ನಡುವೆ ನಾನು ದುಭಾಷಿ. ಮಾತು ಹೋಗಿ ನಿಂತಿದ್ದು ಬಾಣಂತನದ ಮೇಲೆ. ಇಗ್ಬೊಗಳಲ್ಲಿ ಅದಕ್ಕೆ 'ಒಮುಗ್ವೊ' ಅಂತಾರೆ. ಮಗಳು ಹೆತ್ತರೆ ತಾಯಿ ಗಂಟುಮೂಟೆ ಕಟ್ಕೊಂಡು ಬಂದು ಮಗಳ ಮನೇಲಿ ಇದ್ದು ಬಿಸಿನೀರು ಹಾಕಿ, ಹೊಟ್ಟೆ ನೀವಿ, ಖಾರದ ಮೆಣಸಿನ ಸಾರು ಕುಡಿಸಿ, ಕೂಸಿಗೆ ಎಣ್ಣೆ ತಿಕ್ಕಿ ಕೈಕಾಲು ನೀಡಬೇಕು. ಅಮ್ಮ 'ಮೆಣಸಿನ ಸಾರಾ? ಬೆಳ್ಳುಳ್ಳಿ ಹಾಕಲ್ವಂತಾ ಕೇಳು' ಅಂದರು. ನಮ್ಮಲ್ಲಿ ಮಗಳು ತವರಿಗೆ ಹೋಗ್ತಾಳೆ, ಅಲ್ಲಿ ತವರೇ ಮಗಳಿದ್ದಲ್ಲಿಗೆ ಬರುತ್ತೆ. ಅಷ್ಟೇ ವ್ಯತ್ಯಾಸ.

ಆದ್ರೆ ಆಕೆಯ ಎರಡನೇ ಹೆರಿಗೆ ಬೆಂಗಳೂರಲ್ಲಿ. ತಾಯಿಗೆ ವೀಸಾ ಸಿಗಲಿಲ್ಲ. ಬಾಣಂತನ ವಾಟ್ಸಾಪ್ ವಿಡಿಯೋ ಕಾಲಲ್ಲಿ ನಡೀತು. ಫೋನನ್ನ ಡಬ್ಬಿಗೆ ಒರಗಿಸಿ ಇಟ್ಟು, ಅಲ್ಲಿಂದ ಅಜ್ಜಿ ಹೇಳೋದು, ಇಲ್ಲಿ ಗಂಡ ಮಗು ತಿಕ್ಕೋದು. 'ನನ್ನ ಗಂಡ ಈಗ ಒಳ್ಳೇ ಅಜ್ಜಿ' ಅಂತ ಆಕೆ ನಕ್ಕರು. ಅಮ್ಮ ನಗಲಿಲ್ಲ.

ಮಗು ಹುಟ್ಟಿದ ಮೇಲೆ ಕಾಗದದ ಕತೆ. ಇದನ್ನ ಗಮನ ಇಟ್ಟು ಓದಿ, ಇದು ನಾಳೆ ಬೇರೆಯವರ ಬಾಗಿಲಿಗೂ ಬರುತ್ತೆ. ಸಂವಿಧಾನ ಜಾರಿಗೆ ಬಂದ 1950ರ ಜನವರಿ 26ರಿಂದ 1987ರ ಜುಲೈ 1ರವರೆಗೆ ಈ ನೆಲದಲ್ಲಿ ಹುಟ್ಟಿದ ಮಗು, ರಾಜತಾಂತ್ರಿಕರ ಮಕ್ಕಳಂಥ ಕೆಲವರನ್ನ ಬಿಟ್ಟರೆ, ಈ ದೇಶದ ಪ್ರಜೆ. ತಂದೆತಾಯಿ ಯಾರಾದರೂ ಆಗಿರಲಿ. 1987ರಿಂದ ಆಚೆಗೆ ತಂದೆ ಅಥವಾ ತಾಯಿ ಒಬ್ಬರಾದರೂ ಭಾರತೀಯರಾಗಿರಬೇಕು ಅಂತ ಆಯ್ತು. 2004ರ ಡಿಸೆಂಬರ್ 3ರಿಂದ ಒಬ್ಬರು ಭಾರತೀಯರಾಗಿದ್ದರೂ ಸಾಲದು, ಇನ್ನೊಬ್ಬರು 'ಅಕ್ರಮ ವಲಸಿಗ' ಆಗಿರಬಾರದು. ಮೂರು ಹೆಜ್ಜೆಯಲ್ಲಿ ನೆಲದ ಹಕ್ಕು ರಕ್ತದ ಹಕ್ಕಾಗಿ ಬದಲಾಯ್ತು. ಹುಟ್ಟಿನಿಂದ ಮನುಷ್ಯನನ್ನ ಅಳೆಯೋ ವ್ಯವಸ್ಥೆಯ ರುಚಿ ಕಂಡಿರೋ ನಾವು ಇದನ್ನ ಗಮನಿಸದೆ ಬಿಟ್ಟೆವು. ಅಸ್ಸಾಂ ವಿಷಯ ಅಂದ್ಕೊಂಡು ಸುಮ್ಮನಿದ್ದೆವು.

ಹಾಗಾಗಿ ಆ ಕೂಸು ಬೆಂಗಳೂರಿನ ಆಸ್ಪತ್ರೆಯಲ್ಲಿ ಹುಟ್ಟಿದ್ದರೂ ನೈಜೀರಿಯನ್. ಅವರ 1999ರ ಸಂವಿಧಾನದ ಪ್ರಕಾರ ಹೊರದೇಶದಲ್ಲಿ ಹುಟ್ಟಿದರೂ ತಂದೆ ಅಥವಾ ತಾಯಿ ನೈಜೀರಿಯನ್ ಆದರೆ ಮಗುವೂ ನೈಜೀರಿಯನ್. ಜನನ ನೋಂದಣಿ ಇಲ್ಲಿ ಆಗುತ್ತೆ. ಆಮೇಲೆ ದೆಹಲಿಯ ರಾಯಭಾರ ಕಚೇರಿಯಿಂದ ಕೂಸಿಗೆ ಪಾಸ್‌ಪೋರ್ಟು, ವಿದೇಶಿಯರ ನೋಂದಣಿ ಕಚೇರಿಯಿಂದ ಕೂಸಿಗೆ ವೀಸಾ. ಹಲ್ಲು ಬರೋ ಮುಂಚೆ ವೀಸಾ ಬರಬೇಕು. ಅಪ್ಪನ ವೀಸಾ ಮುಗಿದರೆ ಕೂಸಿನದ್ದೂ ಮುಗೀತು.

ಹೆಸರಿನ ವಿಷಯಾನೂ ಹೇಳಿಬಿಡ್ತೀನಿ. ಅಜ್ಜ ತೀರಿಕೊಂಡ ಮೇಲೆ ಗಂಡು ಹುಟ್ಟಿದರೆ ಯೊರುಬಾ ಜನ 'ಬಾಬಾತುಂಡೆ' ಅಂತಾರೆ, ಅಪ್ಪ ವಾಪಸ್ ಬಂದ ಅಂತ ಅರ್ಥ. ಹೆಣ್ಣಾದರೆ 'ಯೆತುಂಡೆ', ಅಮ್ಮ ವಾಪಸ್ ಬಂದಳು. ಇಗ್ಬೊಗಳಲ್ಲಿ 'ನ್ನೆನ್ನ' ಅಂದ್ರೆ ಅಪ್ಪನ ಅಮ್ಮ. ನಮ್ಮಲ್ಲೂ ಅಜ್ಜನ ಹೆಸರು ಮೊಮ್ಮಗನಿಗೆ ಇಡ್ತಿದ್ದೆವು. ಆದ್ರೆ ನಮ್ಮ ಎಷ್ಟೋ ಅಜ್ಜಂದಿರ ಹೆಸರು ಒಡೆಯರು ಹೀಯಾಳಿಸೋಕೆ ಕರೆದದ್ದು, ಅದನ್ನ ಮುಂದುವರಿಸೋಕೆ ಮನಸ್ಸು ಬರ್ಲಿಲ್ಲ, ಸಿದ್ಧಾರ್ಥ, ಭೀಮರಾಜ್, ಯಶೋಧರಾ ಅಂತ ಇಟ್ಟೆವು. ಅವರು ಅಜ್ಜಿ ಹೆಸರನ್ನ ಸಮುದ್ರ ದಾಟಿಸಿ ತಂದರೆ ಇಲ್ಲಿ ಶಾಲೆಯ ಹಾಜರಿ ಪುಸ್ತಕದಲ್ಲಿ ಅದು ಒಂದು ನಗೆಪಾಟಲು. ಹುಡುಗಿ ಹೋಗ್ತಿದ್ದ ಒಂದು ಖಾಸಗಿ ಶಾಲೇಲಿ ಹೆಸರು ಕೂಗುವಾಗ ಕ್ಲಾಸೆಲ್ಲ ನಗ್ತಿತ್ತಂತೆ. ಸಣ್ಣ ಸಣ್ಣ ಜಡೆ ಹೆಣೆದಿದ್ದಕ್ಕೆ 'ಡಿಸಿಪ್ಲಿನ್ ಇಲ್ಲ, ಎರಡು ಜಡೆ ಹಾಕಿಸಿ' ಅಂದರಂತೆ. ಆ ಕೂದಲಿಗೆ ಎರಡು ಜಡೆ ಹೇಗೆ ಹಾಕೋದು? ಅಮ್ಮನಿಗೆ ಭಾನುವಾರ ನಾಲ್ಕು ಗಂಟೆ ಹಿಡಿಯೋ ಕೆಲಸ ಅದು.

ಏಟಿನ ಕತೆಗಳು ನಿಮಗೆ ಗೊತ್ತಿರ್ತವೆ, ಬೇಗ ಹೇಳ್ತೀನಿ. 2016ರ ಜನವರಿ 31. ಹೆಸರಘಟ್ಟ ರಸ್ತೆ ಕಡೆ ಸೂಡಾನ್ ವಿದ್ಯಾರ್ಥಿಯೊಬ್ಬನ ಕಾರು ಬಡಿದು ಒಬ್ಬ ಹೆಂಗಸು ಸತ್ತರು. ಸುಮಾರು ಅರ್ಧ ಗಂಟೆ ಆದ್ಮೇಲೆ ಅದೇ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯ ಕಾರನ್ನ ತಡೆದು, ಆಕೆಯ ಬಟ್ಟೆ ಹರಿದು ಹೊಡೆದರು, ಕಾರು ಸುಟ್ಟರು. ಆಕೆ ಬೇರೆ ದೇಶ, ಬೇರೆ ಕಾರು, ಬೇರೆ ಮನುಷ್ಯಳು. ಗುಂಪಿಗೆ ಬಣ್ಣ ಒಂದೇ ಸಾಕಾಯ್ತು. ಆಗ ರಾಜ್ಯದ ಗೃಹ ಸಚಿವರಾಗಿದ್ದವರು ಡಾ. ಜಿ. ಪರಮೇಶ್ವರ್. ಇದು ಜನಾಂಗೀಯ ದಾಳಿ ಅಲ್ಲ, ಅಪಘಾತಕ್ಕೆ ಜನರ ಸಿಟ್ಟು ಅಂತ ಅವರು ಹೇಳಿಕೆ ಕೊಟ್ಟರು. 'ಇದು ಜಾತಿ ಗಲಾಟೆ ಅಲ್ಲ, ವೈಯಕ್ತಿಕ ದ್ವೇಷ' ಅನ್ನೋ ವಾಕ್ಯ ನಾವು ಎಷ್ಟು ಎಫ್‌ಐಆರ್‌ಗಳಲ್ಲಿ ಓದಿದ್ದೇವೆ! ನಮ್ಮವರ ಬಾಯಲ್ಲೇ ಅದು ಬಂದಾಗ ಕೇಳೋಕೆ ಕಷ್ಟ. 2021ರ ಆಗಸ್ಟ್‌ನಲ್ಲಿ ಕಾಂಗೋ ದೇಶದ 27 ವರ್ಷದ ಜೋಯೆಲ್ ಮಾಲು ಜೆ.ಸಿ. ನಗರ ಪೊಲೀಸರ ವಶದಲ್ಲಿದ್ದಾಗ ಸತ್ತ. ಠಾಣೆ ಮುಂದೆ ನ್ಯಾಯ ಕೇಳೋಕೆ ನಿಂತ ಆಫ್ರಿಕನ್ನರ ಮೇಲೆ ಲಾಠಿ ಬಿತ್ತು.

'ಆದ್ರೆ ಡ್ರಗ್ಸ್ ಕೇಸಲ್ಲಿ ಸಿಕ್ಕಿಬೀಳ್ತಾರಲ್ಲ?' ಸಿಕ್ಕಿಬಿದ್ದಿದ್ದಾರೆ, ಕೆಲವರು. ಅವರ ಮೇಲೆ ಕೇಸ್ ನಡೀಲಿ, ಸಾಬೀತಾದ್ರೆ ಜೈಲಿಗೆ ಹೋಗಲಿ. ಆದರೆ ಒಬ್ಬನ ಅಪರಾಧ ಹಿಡಿದು ಒಂದು ಕುಲಕ್ಕೇ ಕಳ್ಳರ ಹಣೆಪಟ್ಟಿ ಕಟ್ಟೋ ಆಟ ಈ ನಾಡಿಗೆ ಹೊಸದಲ್ಲ. 1871ರ ಕ್ರಿಮಿನಲ್ ಟ್ರೈಬ್ಸ್ ಆಕ್ಟ್ ಓದಿ. ಹುಟ್ಟಿದ ತಪ್ಪಿಗೇ ಇಡೀ ಸಮುದಾಯಗಳು ಅಪರಾಧಿಗಳು. ಹುಬ್ಬಳ್ಳಿಯಲ್ಲಿ ಅವರನ್ನ ತಂತಿ ಬೇಲಿಯೊಳಗೆ ಕೂಡಿಹಾಕಿ ಗಿರಣಿ ಕೂಲಿಗೆ ಹಚ್ಚಿದ ಜಾಗಕ್ಕೆ ಇವತ್ತಿಗೂ 'ಸೆಟ್ಲಮೆಂಟ್' ಅಂತಲೇ ಹೆಸರು. ಮಕ್ಕಳು ಕೆಟ್ಟು ಹೋಗಬಾರದು ಅಂತ ಹೇಳಿ ತಂದೆತಾಯಿಂದ ಬೇರ್ಪಡಿಸೋ ಅಧಿಕಾರವನ್ನೂ ಆ ಕಾನೂನು ಸರ್ಕಾರಕ್ಕೆ ಕೊಟ್ಟಿತ್ತು. 1952ರಲ್ಲಿ ಆ ಕಾನೂನು ಹೋಯ್ತು. ಪೊಲೀಸರ ಅನುಮಾನ ಹೋಯ್ತಾ ಅಂತ ನಮ್ಮ ಅಲೆಮಾರಿ ಸಮುದಾಯದ ಗೆಳೆಯರನ್ನ ಕೇಳಿ.

ಕಾನೂನು ಇವರ ಕೈ ಹಿಡಿಯುತ್ತಾ? ಸಂವಿಧಾನದ 15ನೇ ವಿಧಿ ತಾರತಮ್ಯ ಬೇಡ ಅನ್ನುವಾಗ 'ಪ್ರಜೆ' ಅನ್ನುತ್ತೆ. ಅಂದ್ರೆ ಆ ಹುಡುಗಿ ಅದರಲ್ಲಿ ಇಲ್ಲ. 14 ಮತ್ತು 21 'ಯಾವುದೇ ವ್ಯಕ್ತಿ' ಅನ್ನುತ್ತೆ, ಅಲ್ಲಿ ಇದ್ದಾಳೆ. 17ನೇ ವಿಧಿ, ನಮ್ಮ ವಿಧಿ, ಪ್ರಜೆ ಅನ್ನೋ ಪದವನ್ನೇ ಬಳಸಲ್ಲ, ಅಸ್ಪೃಶ್ಯತೆ ಯಾವ ರೂಪದಲ್ಲಿದ್ದರೂ ನಿಷಿದ್ಧ ಅನ್ನುತ್ತೆ. ಸಿದ್ದಿ ಮಗುವಿಗೆ ದೌರ್ಜನ್ಯ ತಡೆ ಕಾಯ್ದೆ ಇದೆ. ನೈಜೀರಿಯನ್ ಮಗುವಿಗೆ ಜನಾಂಗೀಯ ನಿಂದನೆ ಮಾಡಿದರೆ ಹಾಕೋಕೆ ಪ್ರತ್ಯೇಕ ಕಾನೂನೇ ಇಲ್ಲ. 2014ರಲ್ಲಿ ಅರುಣಾಚಲದ ಹುಡುಗ ನಿಡೋ ತಾನಿಯಾನನ್ನ ದೆಹಲಿಯಲ್ಲಿ ಹೊಡೆದು ಕೊಂದಾಗ ಬೇಜ್‌ಬರುವಾ ಸಮಿತಿ ಅಂಥ ಕಾನೂನು ತನ್ನಿ ಅಂತ ಶಿಫಾರಸು ಮಾಡಿತು. ಶಿಫಾರಸು ಶಿಫಾರಸಾಗಿಯೇ ಉಳೀತು. ಜನಾಂಗೀಯ ತಾರತಮ್ಯ ತೊಲಗಿಸೋ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತ 1968ರಲ್ಲೇ ಸಹಿ ಅನುಮೋದನೆ ಎಲ್ಲ ಮುಗಿಸಿದೆ, ನೆನಪಿರಲಿ.

ಇಲ್ಲಿಗೆ ನಿಲ್ಲಿಸಿದ್ರೆ 'ಪಾಪ ಆಫ್ರಿಕನ್ನರು' ಅಂತ ಆಗಿಬಿಡುತ್ತೆ. ಅದು ನನಗೆ ಬೇಡ. ಆ ಮಧ್ಯಾಹ್ನ ನಾನು ಆಕೆಗೆ ಜಾತಿ ಅಂದ್ರೆ ಏನು ಅಂತ ವಿವರಿಸೋಕೆ ಹೊರಟೆ. ಆಕೆ ಸ್ವಲ್ಪ ಹೊತ್ತು ಕೇಳಿ, ದನಿ ಇಳಿಸಿ, 'ನಮ್ಮಲ್ಲೂ ಇದೆ. ಒಸು' ಅಂದರು.

ಇಗ್ಬೊ ಸಮಾಜದಲ್ಲಿ ಒಸು ಅಂದ್ರೆ ದೇವರಿಗೆ ಬಿಟ್ಟವರು, ಅವರ ವಂಶದವರು. ಊರಿನವರು ಅವರ ಜೊತೆ ಮದುವೆ ಸಂಬಂಧ ಬೆಳೆಸಲ್ಲ. ಹಿಂದೆ ವಾಸ ಬೇರೆ, ತಲೆಕೂದಲು ಕತ್ತರಿಸುವ ಹಾಗಿಲ್ಲ. ನಮ್ಮ ದೇವದಾಸಿ ಪದ್ಧತಿ, ಅಸ್ಪೃಶ್ಯತೆ ಎರಡನ್ನೂ ಒಂದೇ ಒರಳಲ್ಲಿ ಹಾಕಿ ರುಬ್ಬಿದ ಹಾಗೆ. ಚಿನುವಾ ಅಚೆಬೆಯ 'ಥಿಂಗ್ಸ್ ಫಾಲ್ ಅಪಾರ್ಟ್' 1958ರ ಕಾದಂಬರಿ. ಅದರಲ್ಲಿ ಮಿಷನರಿಗಳ ಚರ್ಚು ಬಾಗಿಲು ತೆಗೆದಾಗ ಒಸುಗಳು ಒಳಗೆ ಬರ್ತಾರೆ, ಮೊದಲೇ ಮತಾಂತರ ಆಗಿದ್ದವರೇ 'ಇವರ ಜೊತೆ ಕೂರಲ್ಲ' ಅಂತ ಗಲಾಟೆ ಮಾಡ್ತಾರೆ. 1960ರಲ್ಲಿ ಬಂದ 'ನೋ ಲಾಂಗರ್ ಅಟ್ ಈಸ್'ನಲ್ಲಿ ಇಂಗ್ಲೆಂಡಲ್ಲಿ ಓದಿ ಬಂದ ಹುಡುಗ ಪ್ರೀತಿಸಿದ ಹುಡುಗಿ ಒಸು. ಕ್ರಿಶ್ಚಿಯನ್ ಧರ್ಮದಲ್ಲೇ ಜೀವನ ಕಳೆದ ಅವನ ಅಪ್ಪನೂ ಒಪ್ಪಲ್ಲ, ಅಮ್ಮ ಸಾಯ್ತೀನಿ ಅಂತಾಳೆ. ಮಂಡ್ಯದಲ್ಲೋ ಕೋಲಾರದಲ್ಲೋ ನಡೆದ ಕತೆ ಅಂತ ಹೇಳಿದರೂ ನಂಬ್ತೀರಿ.

ಪೂರ್ವ ನೈಜೀರಿಯಾದ ಶಾಸನಸಭೆ ಒಸು ಪದ್ಧತಿ ರದ್ದು ಮಾಡಿ ಕಾನೂನು ತಂದಿದ್ದು 1956ರಲ್ಲಿ. ನಮ್ಮ ಅಸ್ಪೃಶ್ಯತೆ ಅಪರಾಧಗಳ ಕಾಯ್ದೆ ಬಂದಿದ್ದು 1955ರಲ್ಲಿ. ಒಂದೇ ವರ್ಷದ ಅಂತರ. ಎರಡೂ ಕಡೆ ಮದುವೆ ಮಾತುಕತೆ ಬಂದಾಗ ಕಾನೂನು ಮನೆ ಹೊರಗೆ ಚಪ್ಪಲಿ ಜೊತೆ ಉಳಿಯುತ್ತೆ. ಆ ಹೆಂಗಸು ಹೇಳಿದ್ದು ಇದನ್ನೇ. ಹುಡುಗ ಹುಡುಗಿ ಎಲ್ಲೇ ಬೆಳೆದಿರಲಿ, ಮದುವೆ ಅಂದ ಕೂಡಲೇ ಊರಿಗೆ ಫೋನ್ ಹೋಗುತ್ತೆ, 'ಅವರ ಮೂಲ ಏನು ವಿಚಾರಿಸಿ' ಅಂತ. ನಮ್ಮವರ ಅಮೆರಿಕದ ಮ್ಯಾಟ್ರಿಮನಿ ಸೈಟುಗಳು ಕಣ್ಣ ಮುಂದೆ ಬಂದವು. ನಿಮ್ಮದು ಯಾವ ಮನೆತನ ಅಂತ ನಾನು ಆಕೆಯನ್ನ ಕೇಳಲಿಲ್ಲ. ಕೇಳಬಾರದ ಪ್ರಶ್ನೆ ಅದು ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಆ ಕಡೆಯವರಿಗೂ ನಮಗೂ ಮಾತುಕತೆ ಹೊಸದೂ ಅಲ್ಲ. ಜೋತಿಬಾ ಫುಲೆ 1873ರಲ್ಲಿ 'ಗುಲಾಮಗಿರಿ' ಬರೆದು ಅದನ್ನ ಅರ್ಪಿಸಿದ್ದು ನೀಗ್ರೋ ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕದ ಜನರಿಗೆ. 1946ರಲ್ಲಿ ಬಾಬಾಸಾಹೇಬರು ಡಬ್ಲ್ಯು.ಇ.ಬಿ. ದು ಬೊಯಿಸ್‌ಗೆ ಕಾಗದ ಬರೆದು, ವಿಶ್ವಸಂಸ್ಥೆಗೆ ಕಪ್ಪುಜನ ಕೊಟ್ಟ ಮನವಿಯ ಪ್ರತಿ ಕೇಳಿದರು, ನಾವೂ ಹಾಗೆ ಮಾಡುವ ಯೋಚನೆಯಲ್ಲಿದ್ದೇವೆ ಅಂತ. ದು ಬೊಯಿಸ್ ಉತ್ತರವನ್ನೂ ಬರೆದರು. 1972ರಲ್ಲಿ ಬಾಂಬೆಯ ನಮ್ಮ ಹುಡುಗರು ಬ್ಲ್ಯಾಕ್ ಪ್ಯಾಂಥರ್ಸ್ ನೋಡಿ ದಲಿತ ಪ್ಯಾಂಥರ್ಸ್ ಕಟ್ಟಿದರು. 2001ರಲ್ಲಿ ಜನಾಂಗೀಯತೆಯ ವಿರುದ್ಧ ವಿಶ್ವಸಂಸ್ಥೆ ಸಮ್ಮೇಳನ ನಡೆದಿದ್ದು ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ. ಜಾತಿಯನ್ನೂ ಸೇರಿಸಿ ಅಂತ ದಲಿತರು ಅಲ್ಲಿಗೆ ಹೋಗಿ ಕೂಗಿದರು, ಜಾತಿ ಜನಾಂಗ ಅಲ್ಲ ಅಂತ ಭಾರತ ಸರ್ಕಾರ ಅಡ್ಡ ನಿಂತಿತು. ಮರುವರ್ಷ ವಿಶ್ವಸಂಸ್ಥೆಯ ಸಮಿತಿಯೇ ವಂಶದ ಆಧಾರದ ತಾರತಮ್ಯವೂ ಇದರಲ್ಲಿ ಬರುತ್ತೆ ಅಂತ ಸ್ಪಷ್ಟ ಮಾಡಿತು. ಆಗ ಆಫ್ರಿಕಾದ ನೆಲದಲ್ಲಿ ನಿಂತು ನಮ್ಮ ನೋವು ಹೇಳ್ಕೊಂಡವರು ನಾವು. ಈಗ ಅಲ್ಲಿನವರು ಜರಗನಹಳ್ಳಿಗೆ ಬಂದು ಎರಡು ರೂಮಿನ ಮನೆ ಕೇಳ್ತಿದ್ದಾರೆ.

ಮನೆಯ ವಿಷಯ ಸದ್ಯಕ್ಕೆ ಬಗೆಹರಿದಿದೆ, ಎಲ್ಲಿ ಅಂತ ಬರೆಯಲ್ಲ. ಈಗ ಇರೋದು ಸ್ಕೂಲಿನದ್ದು. ಆ ಖಾಸಗಿ ಶಾಲೆಗೆ ಹುಡುಗಿ ಮತ್ತೆ ಹೋಗಲ್ಲ ಅಂತಿದ್ದಾಳೆ. ಸರ್ಕಾರಿ ಶಾಲೆಗೆ ಸೇರಿಸೋಣ ಅಂದ್ರೆ 'ಫಾರಿನ್ನವರನ್ನ ತಗೊಳ್ಳೋ ಹಾಗಿದೆಯಾ?' ಅಂತ ಕೇಳ್ತಿದ್ದಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಮಗು ಅಂದ್ರೆ ಆರರಿಂದ ಹದಿನಾಲ್ಕು ವರ್ಷದ ಹುಡುಗ ಅಥವಾ ಹುಡುಗಿ. ಯಾವ ದೇಶದ ಅಂತ ಬರೆದಿಲ್ಲ. ಸಂವಿಧಾನದ 21ಎ ವಿಧಿಯೂ 'ಎಲ್ಲ ಮಕ್ಕಳಿಗೆ' ಅನ್ನುತ್ತೆ. ವಯಸ್ಸಿನ ದಾಖಲೆ ಇಲ್ಲ ಅಂತ ದಾಖಲಾತಿ ನಿರಾಕರಿಸಬಾರದು ಅಂತ ಅದೇ ಕಾಯ್ದೆಯ 14ನೇ ಸೆಕ್ಷನ್ ಹೇಳುತ್ತೆ, ಈ ಹುಡುಗಿಗಂತೂ ದಾಖಲೆಯೂ ಇದೆ. ಸೋಮವಾರ ಹತ್ತೂವರೆಗೆ ಬಿಇಒ ಕಚೇರಿಗೆ ಹೋಗ್ತಿದ್ದೀವಿ. ಕಾಯ್ದೆಯ ಕನ್ನಡ ಪ್ರತಿ ಯಾರ ಹತ್ರ ಆದ್ರೂ ಇದ್ರೆ ಕಳಿಸಿ. ಜೊತೆಗೆ ಬರೋಕೆ ಆಗುವವರು ಇನ್‌ಬಾಕ್ಸ್ ಮಾಡಿ, ಇಬ್ಬರು ಮೂವರು ಸಾಕು, ಗುಂಪು ಬೇಡ. ಹುಡುಗಿ ಹೆದರ್ತಾಳೆ.